ಸಿವಿಕ್‌ನ ಆಕ್ಟಿವಾ ಮಾಡಿಸಿದೆ: ತುಮಕೂರಿನ ಒಂದು ಬೋರ್ಡಿಲ್ಲದ ಗ್ಯಾರೇಜು

ಕ್ಲಚ್ಚಿದ್ದ ನನ್ನ ಮ್ಯಾನುಯಲ್ ಸಿವಿಕ್ ಕಾರನ್ನು ಆಟೋಮ್ಯಾಟಿಕ್ ಮಾಡಿಸಿದ ಕಥೆ ಇದು. ಮೊದಲೇ ಹೇಳಿಬಿಡುತ್ತೇನೆ. ಹನ್ನೆರಡು ದಿನದಲ್ಲಿ ಮುಗಿಯುತ್ತೆ ಅಂದಿದ್ದರು, 54 ದಿನ ಹಿಡಿಯಿತು. 95 ಸಾವಿರ ಅಂದಿದ್ದರು, ಒಂದು ಲಕ್ಷ 52 ಸಾವಿರ ಆಯಿತು. ಆದರೂ ನಾಳೆ ಇನ್ನೊಂದು ಗಾಡಿಗೆ ಇದೇ ಕೆಲಸ ಬಂದರೆ ಅಲ್ಲಿಗೇ ಹೋಗುತ್ತೇನೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಬರೆಯಬೇಕು. ಟೀ ಇಟ್ಟುಕೊಂಡು ಕೂತುಕೊಳ್ಳಿ.

ಗಾಡಿ 2008ರ ಹೋಂಡಾ ಸಿವಿಕ್. 1.8 ಲೀಟರ್ ಪೆಟ್ರೋಲ್, ಐದು ಗೇರಿನ ಮ್ಯಾನುಯಲ್, ನಮ್ಮ ಕೆಎ 06 ನಂಬರು. ಈಗಿನ ಟರ್ಬೊ ಗಾಡಿ ಓಡಿಸುವ ಹುಡುಗರು ಇದನ್ನು ಪರ್ಫಾರ್ಮೆನ್ಸ್ ಕಾರು ಅಂದರೆ ನಗಬಹುದು. ನಗಲಿ. 132 ಪಿಎಸ್ ಪವರ್, ಅದೂ ಪೂರ್ತಿ ಸಿಗುವುದು 6,300 ಆರ್‌ಪಿಎಂಗೆ. ಅಂದರೆ ಈ ಗಾಡಿ ಸುಮ್ನೆ ಹೋದರೆ ಸಾಧು, ಎಳೆದರೆ ಹುಲಿ. ಗೇರು ಬದಲಿಸದೆ ಮುಳ್ಳನ್ನು ಮೇಲೆ ಮೇಲೆ ಹತ್ತಿಸಿದಾಗ ಬರುವ ಆ ಸದ್ದಿಗಾಗಿಯೇ ನಾನು ಇದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ. ಇನ್‌ಟೇಕ್, ಹೆಡರ್, ಎಕ್ಸಾಸ್ಟ್, ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿಸುವುದು), ತಗ್ಗಿಸಿದ ಸ್ಪ್ರಿಂಗು, ವಯಸ್ಸಿದ್ದಾಗ ಮಾಡಿಸಬೇಕಾದದ್ದನ್ನೆಲ್ಲ ಮಾಡಿಸಿದ್ದೆ.

ಆಮೇಲೆ ಶಟಲ್ ಆಡುವಾಗ ಎಡ ಮಂಡಿ ಹೋಯಿತು. ಆಪರೇಷನ್ ಆಯಿತು, ನಡೆಯೋಕೆ ತೊಂದರೆ ಇಲ್ಲ, ಆದರೆ ಕ್ಲಚ್ ಒತ್ತುವುದು ಕಡಿಮೆ ಮಾಡಿ ಅಂದರು ಡಾಕ್ಟರು. ನಾನು ದಿನಾ ತುಮಕೂರಿನಿಂದ ಪೀಣ್ಯಕ್ಕೆ ಹೋಗಿ ಬರುವವನು. ನೆಲಮಂಗಲದವರೆಗೆ ಹೈವೇ, ಕಾಲಿಗೆ ಕೆಲಸವೇ ಇಲ್ಲ. 8ನೇ ಮೈಲಿ ಹತ್ತಿರ ಬಂದರೆ ಒಂದು ಕಿಲೋಮೀಟರಿಗೆ ನಲವತ್ತು ಸಲ ಕ್ಲಚ್ಚು. ಸಂಜೆ ಮನೆಗೆ ಬಂದರೆ ಮಂಡಿ ಇಡ್ಲಿ ಹಾಗೆ ಉಬ್ಬಿರುತ್ತಿತ್ತು.

ಮಾರಿ ಆಟೋಮ್ಯಾಟಿಕ್ ತಗೋ ಅಂತ ಎಲ್ಲರೂ ಹೇಳಿದರು. ಅದೇ ಸರಿಯಾದ ಸಲಹೆ ಅಂತ ನನಗೂ ಗೊತ್ತಿತ್ತು, ನಿಮಗೂ ನಾನು ಅದನ್ನೇ ಹೇಳುವುದು. ಇನ್ನೊಬ್ಬರು ಎಎಂಟಿ ಕಿಟ್ ಹಾಕಿಸು ಅಂದರು. 2014ರಲ್ಲಿ ಸೆಲೆರಿಯೊದಲ್ಲಿ ಬಂತಲ್ಲ, ಅದೇ ತರ, ಗೇರ್‌ಬಾಕ್ಸು ಮ್ಯಾನುಯಲ್ಲೇ, ಕೈ ಕಾಲಿನ ಕೆಲಸ ಮಾತ್ರ ಯಂತ್ರ ಮಾಡುತ್ತದೆ. ಆದರೆ ಅದು ಆಯಾ ಗಾಡಿಗೆ ಅಂತಲೇ ಲೆಕ್ಕ ಹಾಕಿ ಮಾಡಿದ ಸಾಮಾನು, ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವಂಥದ್ದಲ್ಲ. ಮೂರನೆಯದು ಆಟೋ ಕ್ಲಚ್ ಕಿಟ್. ಗೇರ್ ರಾಡಿನ ಮೇಲೆ ಸ್ವಿಚ್ಚು, ಒತ್ತಿದರೆ ಮೋಟಾರು ಕ್ಲಚ್ ಒತ್ತುತ್ತದೆ. ಗೆಳೆಯನೊಬ್ಬನ ಗಾಡಿಯಲ್ಲಿ ಎರಡು ದಿನ ಓಡಿಸಿ ನೋಡಿದೆ. ಕಾಲಿಗೆ ಆರಾಮ, ಸುಳ್ಳು ಹೇಳಲ್ಲ. ಆದರೆ ಜಾಮಿನಲ್ಲಿ ಆಮೆ ಹಾಗೆ ತೆವಳುವಾಗ ಕ್ಲಚ್ ಅರ್ಧ ಬಿಟ್ಟು ಅರ್ಧ ಹಿಡಿಯುವ ಆ ನಾಜೂಕು ಮೋಟಾರಿಗೆ ಬರಲ್ಲ, ಗಾಡಿ ಎತ್ತೆತ್ತಿ ಹಾಕುತ್ತೆ. ಕಡಿಮೆ ಖರ್ಚಿನಲ್ಲಿ ಆಗಬೇಕು ಅನ್ನುವವರು ಅದನ್ನೇ ಹಾಕಿಸಿ.

ನನಗೆ ಉಳಿದದ್ದು ಪೂರ್ತಿ ಬದಲಾವಣೆ. ಸಿವಿಕ್‌ನದು ಒಂದು ಅನುಕೂಲ ಇದೆ. 2006ರಲ್ಲಿ ಇಲ್ಲಿ ಬಿಡುಗಡೆಯಾದಾಗಲೇ ಇದೇ ಎಂಜಿನ್‌ಗೆ ಐದು ಗೇರಿನ ಆಟೋಮ್ಯಾಟಿಕ್ ಕೂಡ ಕೊಟ್ಟಿದ್ದರು, ಸ್ಟೇರಿಂಗ್ ಹಿಂದೆ ಬೆರಳಲ್ಲೇ ಗೇರು ಬದಲಿಸುವ ಪ್ಯಾಡಲ್ ಶಿಫ್ಟರ್ ಸಮೇತ. ಅಂದರೆ ಬೇಕಾದ ಪ್ರತಿಯೊಂದು ನಟ್ಟೂ ಹೋಂಡಾದವರೇ ಮಾಡಿಟ್ಟಿದ್ದಾರೆ, ಹುಡುಕಿ ತರಬೇಕು ಅಷ್ಟೇ. ನಿಮ್ಮ ಗಾಡಿಯ ಅದೇ ಮಾಡೆಲ್ಲಿನಲ್ಲಿ ಆಟೋಮ್ಯಾಟಿಕ್ ಬಂದೇ ಇಲ್ಲ ಅಂದರೆ ಈ ಆಸೆ ಇಲ್ಲಿಗೇ ಬಿಡಿ.

ಗ್ಯಾರೇಜು ಇರುವುದು ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಳಗೆ. ಬೋರ್ಡಿಲ್ಲ. ಶೀಟಿನ ಮಾಡು, ಎರಡು ಪಿಟ್, ಒಂದು ಬೇವಿನ ಮರ, ಮರದ ಕೆಳಗೆ ಯಾರದೋ ಎಂಜಿನ್ನು. ನಡೆಸುವವರನ್ನು ಎಲ್ಲರೂ ಭಾಯ್ ಅಂತಾರೆ, ನಾನೂ ಅಷ್ಟೇ. 'ಹೆಸರು ಹಾಕಬೇಡಿ ಸಾರ್, ಈಗಿರೋ ಗಾಡಿಗೇ ಜಾಗ ಇಲ್ಲ' ಅಂತ ಕೇಳಿಕೊಂಡಿದ್ದಾರೆ, ಹಾಕಿಲ್ಲ. ಅವರ ಜೊತೆ ಇಬ್ಬರು ಹುಡುಗರು. ಕಾಫಿ ಕೇಳಿದರೆ ಟೀ ಬರುತ್ತದೆ.

ಮೊದಲ ದಿನ ಗಾಡಿ ಸುತ್ತ ಒಂದು ರೌಂಡ್ ಹಾಕಿ, ಬಾನೆಟ್ ಎತ್ತಿ, ಭಾಯ್ ಹೇಳಿದ ಮಾತು ನನಗೆ ಆಗ ಅರ್ಥ ಆಗಲಿಲ್ಲ. 'ಗೇರ್‌ಬಾಕ್ಸ್ ಕೂರಿಸೋದು ಎರಡು ದಿನದ ಕೆಲಸ ಸಾರ್. ಗಾಡಿಗೆ ನೀನು ಆಟೋಮ್ಯಾಟಿಕ್ ಅಂತ ನಂಬಿಸೋದೇ ಕಷ್ಟ.' ಇಷ್ಟು ಗೊತ್ತಿದ್ದೂ ಹನ್ನೆರಡು ದಿನ ಅಂತ ಯಾಕೆ ಹೇಳಿದರು ಅನ್ನುವುದು ಬೇರೆ ಪ್ರಶ್ನೆ. ನಮ್ಮೂರಲ್ಲಿ ಯಾವ ಗ್ಯಾರೇಜಿನವರು ನಿಜವಾದ ದಿನ ಹೇಳಿದ್ದಾರೆ, ಹೇಳಿ?

ಸಾಮಾನು ಸಿಕ್ಕಿದ್ದು ಬೆಂಗಳೂರಿನಲ್ಲಿ, ಶಿವಾಜಿನಗರದ ಗುಜರಿ ಕಡೆಯಿಂದ. ಹಿಂದಿನಿಂದ ಗುದ್ದಿಸಿಕೊಂಡು ಡಿಕ್ಕಿ ಪೂರ್ತಿ ಹೋಗಿದ್ದ ಒಂದು ಆಟೋಮ್ಯಾಟಿಕ್ ಸಿವಿಕ್, ಮುಂಭಾಗ ಚೆನ್ನಾಗಿತ್ತು. ಭಾಯ್ ನನ್ನ ಜೊತೆ ಬಂದರು, ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ. ಅವರು ನೋಡಿದ ರೀತಿ ಹೇಳಬೇಕು. ಮೊದಲು ಡಿಪ್‌ಸ್ಟಿಕ್ ಎಳೆದು ಎಣ್ಣೆಯನ್ನು ಬಿಳಿ ಬಟ್ಟೆಗೆ ಒರೆಸಿ ಮೂಸಿದರು. ಕಂದು ಬಣ್ಣ ಬಂದಿದ್ದರೂ ಸೀದ ವಾಸನೆ ಇರಲಿಲ್ಲ. ಆಮೇಲೆ ಡ್ರೈನ್ ಬೋಲ್ಟ್ ಬಿಚ್ಚಿದರು. ಅದರ ತುದಿಯಲ್ಲಿ ಒಂದು ಮ್ಯಾಗ್ನೆಟ್ ಇರುತ್ತದೆ, ಗೇರ್‌ಬಾಕ್ಸಿನಲ್ಲಿ ಸವೆದ ಕಬ್ಬಿಣ ಎಲ್ಲ ಅಲ್ಲಿ ಬಂದು ಅಂಟುತ್ತದೆ. ಕಾಡಿಗೆ ತರ ನುಣ್ಣಗೆ ಬೂದು ಪೇಸ್ಟು ಕೂತಿತ್ತು. ಬೆರಳಿಂದ ಉಜ್ಜಿ ನನ್ನ ಕಣ್ಣ ಮುಂದೆ ಹಿಡಿದರು. 'ಹೀಗಿದ್ದರೆ ಓಕೆ. ಚೂರು ಚೂರು ಸಿಕ್ಕಿದ್ದರೆ ವಾಪಸ್ ಹೋಗ್ತಿದ್ವಿ.' ಗುಜರಿಯವನಿಗೆ ಇದು ಇಷ್ಟವಾಗಲಿಲ್ಲ, ಮುಖದಲ್ಲೇ ಕಾಣುತ್ತಿತ್ತು.

ಗೇರ್‌ಬಾಕ್ಸು, ಟಾರ್ಕ್ ಕನ್ವರ್ಟರ್, ಡ್ರೈವ್ ಪ್ಲೇಟು, ಇಸಿಯು (ಗಾಡಿಯ ಕಂಪ್ಯೂಟರು), ವೈರಿಂಗು, ಗೇರ್ ಲಿವರ್ ಮತ್ತು ಕೇಬಲ್, ಅಗಲದ ಬ್ರೇಕ್ ಪೆಡಲ್, ಆಯಿಲ್ ಕೂಲರಿನ ಪೈಪು, ಎರಡು ಡ್ರೈವ್ ಶಾಫ್ಟು, ಪ್ಯಾಡಲ್ ಇರುವ ಸ್ಟೇರಿಂಗು, ಮೀಟರ್ ಬೋರ್ಡು. ಒಟ್ಟಿಗೆ 72 ಸಾವಿರ. ಬಿಡಿಬಿಡಿಯಾಗಿ ಹುಡುಕಿದ್ದರೆ ಇನ್ನೂ ಹುಡುಕುತ್ತಲೇ ಇರುತ್ತಿದ್ದೆ.

ಕೂರಿಸುವ ದಿನ ರಜೆ ಹಾಕಿ ಹೋಗಿ ಕೂತಿದ್ದೆ. ಟಾರ್ಕ್ ಕನ್ವರ್ಟರ್ ಅಂದರೆ ಕುಂಬಳಕಾಯಿ ಗಾತ್ರದ ಕಬ್ಬಿಣದ ಡಬ್ಬ, ಒಳಗೆಲ್ಲ ಎಣ್ಣೆ. ಕ್ಲಚ್ ಪ್ಲೇಟಿನ ಜಾಗದಲ್ಲಿ ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವುದು ಇದೇ. ಇದನ್ನು ಗೇರ್‌ಬಾಕ್ಸಿನ ಮೂತಿಗೆ ಕೂರಿಸುವಾಗ ಒಳಗಿನ ಹಲ್ಲುಗಳೆಲ್ಲ ಒಂದೊಂದಾಗಿ ಕಚ್ಚಿಕೊಳ್ಳಬೇಕು. ನೋಡೋಕೆ ಕೂತ ಹಾಗೇ ಕಾಣುತ್ತೆ, ಕೂತಿರಲ್ಲ. ಹಾಗೇ ಬೋಲ್ಟ್ ಬಿಗಿದರೆ ಒಳಗಿನ ಆಯಿಲ್ ಪಂಪ್ ಪುಡಿ. ಭಾಯ್ ಆ ಹುಡುಗರಿಗೆ ರೇಡಿಯೋ ಆಫ್ ಮಾಡಿಸಿದರು. ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು, ಒತ್ತುತ್ತಾ ನಿಧಾನಕ್ಕೆ ತಿರುಗಿಸಿದರು. ಟಕ್. ಇನ್ನೂ ತಿರುಗಿಸಿದರು. ಟಕ್. ಆಮೇಲೆ ಸ್ಕೇಲ್ ಇಟ್ಟು ಅಂಚಿನಿಂದ ಎಷ್ಟು ಒಳಗೆ ಹೋಗಿದೆ ಅಂತ ಅಳೆದು, ತೃಪ್ತಿಯಾಗದೆ ಹೊರಗೆ ತೆಗೆದು ಮತ್ತೆ ಶುರು ಮಾಡಿದರು. ನಾನು ಈ ಗ್ಯಾರೇಜನ್ನು ನಂಬಿದ್ದು ಆ ಎರಡನೇ ಸಲಕ್ಕೆ.

ಒಂದು ವಿಷಯ ಅಲ್ಲೇ ಕಲಿತೆ. ಬೇರೆ ಕಂಪನಿಗಳ ಮಾಮೂಲಿ ಆಟೋಮ್ಯಾಟಿಕ್ ಒಳಗೆ ಪ್ಲಾನೆಟರಿ ಗೇರು, ಅಂದರೆ ನಡುವಿನ ಒಂದು ಗೇರಿನ ಸುತ್ತ ಸಣ್ಣ ಗೇರುಗಳು ಸುತ್ತುವ ವ್ಯವಸ್ಥೆ ಇರುತ್ತದೆ. ಹೋಂಡಾದ ಈ ಬಾಕ್ಸ್ ಹಾಗಲ್ಲ, ಮ್ಯಾನುಯಲ್ ತರವೇ ಪಕ್ಕಪಕ್ಕದ ಶಾಫ್ಟು, ಗೇರುಗಳಿಗೆ ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಬೇರೆ ಬೇರೆ ಕ್ಲಚ್ ಪ್ಯಾಕು. ಅಂದರೆ ಒಂದು ಕ್ಲಚ್ ಬೇಡ ಅಂತ ಹೋಗಿ ಹಲವು ಕ್ಲಚ್ ಹಾಕಿಸಿಕೊಂಡು ಬಂದೆ. ಒತ್ತೋದು ಮಾತ್ರ ನಾನಲ್ಲ.

ಎಣ್ಣೆ ವಿಷಯದಲ್ಲಿ ಹೋಂಡಾ ಬಾಕ್ಸು ಬಲು ಮಡಿ. ಹಿಂದೆ ಎಟಿಎಫ್ ಝಡ್-1 ಅಂತಿತ್ತು, ಈಗ ಡಿಡಬ್ಲ್ಯು-1. ಸಿಕ್ಕಿದ್ದನ್ನು ಹಾಕಿದರೆ ಗೇರು ಬೀಳುವಾಗ ನಡುಗುತ್ತದೆ. ಒಂದು ಸಲ ಡ್ರೈನ್ ಮಾಡಿದರೆ ಬರುವುದು ಎರಡೂವರೆ ಲೀಟರಿನ ಆಸುಪಾಸು, ಉಳಿದದ್ದು ಕನ್ವರ್ಟರ್ ಒಳಗೇ ಇರುತ್ತದೆ. ಅದಕ್ಕೆ ನಡುನಡುವೆ ಸ್ವಲ್ಪ ಓಡಿಸಿ ಮೂರು ಸಲ ಬದಲಿಸಿದರು. ಬಿಲ್ಲಿನಲ್ಲಿ ಎಣ್ಣೆ ಡಬ್ಬದ ಲೆಕ್ಕ ನೋಡಿ ನಾನು ಮೊದಲು ಅನುಮಾನಪಟ್ಟಿದ್ದೆ. ಖಾಲಿ ಡಬ್ಬಗಳನ್ನು ಎತ್ತಿಟ್ಟಿದ್ದರು, ತೋರಿಸಿದರು.

ಆರನೇ ದಿನಕ್ಕೆ ಮೆಕ್ಯಾನಿಕಲ್ ಕೆಲಸ ಮುಗಿದಿತ್ತು. ಅಲ್ಲಿಂದ ಶುರುವಾಯಿತು ನಂಬಿಸುವ ಕೆಲಸ.

ಈ ಗಾಡಿಯಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ನೋಡಿಕೊಳ್ಳುವುದು ಒಂದೇ ಇಸಿಯು. ಹಳೇ ಇಸಿಯುಗೆ ಆಟೋಮ್ಯಾಟಿಕ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಹೊಸದನ್ನು ಹಾಕಿದರೆ ಅದಕ್ಕೆ ನನ್ನ ಕೀ ಗೊತ್ತಿಲ್ಲ. ಗುರುತಿಲ್ಲದ ಕೀಗೆ ಸ್ಟಾರ್ಟ್ ಆಗದಂತೆ ತಡೆಯುವ ಇಮೊಬಿಲೈಸರ್ ಇರುವುದರಿಂದ ಹೋಂಡಾದ ಸ್ಕ್ಯಾನರಿನಲ್ಲಿ ಕೀಗಳನ್ನು ಮತ್ತೆ ಪರಿಚಯ ಮಾಡಿಸಬೇಕು. ಅದಕ್ಕೆ ಬೆಂಗಳೂರಿನಿಂದ ಒಬ್ಬರನ್ನು ಕರೆಸಬೇಕಾಯಿತು. ಆ ಮನುಷ್ಯ ಮುಂಗಡ ತಗೊಂಡು ಮೂರು ವಾರ 'ನಾಳೆ ಬರ್ತೀನಿ ಸಾರ್' ಅಂದ. ನಾಲ್ಕನೇ ವಾರ ಬಂದು ನಲವತ್ತು ನಿಮಿಷದಲ್ಲಿ ಮುಗಿಸಿ ಹೋದ. ಈ 54 ದಿನದಲ್ಲಿ ಅರ್ಧ ಅವನ ಪಾಲು. ಆದರೂ ಇದರಲ್ಲಿ ಭಾಯ್ ತಪ್ಪೂ ಇದೆ. ಇನ್ನೊಬ್ಬರನ್ನು ಹುಡುಕಿ ಅಂತ ನಾನೇ ಎರಡು ಸಲ ಹೇಳಿದೆ, 'ಅವನೇ ಗಟ್ಟಿ' ಅಂತ ಕೂತರು. ಆ ದಿನಗಳಲ್ಲಿ ಫೋನೂ ಸರಿಯಾಗಿ ಎತ್ತುತ್ತಿರಲಿಲ್ಲ. ಹೋಗಿ ನಿಂತರೆ ಮಾತ್ರ ಉತ್ತರ.

ಇಸಿಯು ಬದಲಾದ ಮೇಲೆ ನನ್ನ ರೀಮ್ಯಾಪ್ ಹೋಯಿತು, ಅದು ಹಳೇ ಇಸಿಯುವಿನಲ್ಲಿ ಇದ್ದದ್ದು. ಇದನ್ನು ಮೊದಲೇ ಯಾರೂ ಹೇಳಲಿಲ್ಲ. ಕೊಟ್ಟ ದುಡ್ಡು ನೆನೆಸಿಕೊಂಡು ಒಂದು ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ಸಣ್ಣಪುಟ್ಟದ್ದು ಅಂತ ಬಿಟ್ಟುಬಿಡುವ ಕೆಲಸಗಳು. ರಿವರ್ಸ್ ಲೈಟು ಉರಿಯಲಿಲ್ಲ, ಯಾಕೆಂದರೆ ಅದರ ಸ್ವಿಚ್ಚು ಹಳೇ ಗೇರ್‌ಬಾಕ್ಸಿನ ಜೊತೆ ಹೋಗಿತ್ತು, ಈಗ ಬೇರೆ ಕಡೆಯಿಂದ ವೈರ್ ಎಳೆಯಬೇಕು. ಡಿ (ಮುಂದೆ ಓಡಿಸುವ ಗೇರು) ಹಾಕಿಟ್ಟರೂ ಸ್ಟಾರ್ಟ್ ಆಗುತ್ತಿತ್ತು, ಅದನ್ನು ಅವರೇ ಕಂಡುಹಿಡಿದು ಪಿ (ಪಾರ್ಕ್) ಅಥವಾ ಎನ್ (ನ್ಯೂಟ್ರಲ್) ಇದ್ದರೆ ಮಾತ್ರ ಆಗುವ ಹಾಗೆ ಸರಿ ಮಾಡಿದರು. ಆದರೆ ಕೀ ವಿಷಯ ಹಿಡಿದದ್ದು ನಾನು. ಆಟೋಮ್ಯಾಟಿಕ್ ಗಾಡಿಯಲ್ಲಿ ಪಿಗೆ ತರದೆ ಕೀ ಹೊರಗೆ ಬರಬಾರದು, ಅಲ್ವಾ? ನನ್ನ ಇಗ್ನಿಷನ್ ಲಾಕು ಮ್ಯಾನುಯಲ್ ಗಾಡಿಯದ್ದು, ಅದಕ್ಕೆ ಆ ಕಟ್ಟುಪಾಡೇ ಇಲ್ಲ. ಎನ್‌ನಲ್ಲಿದ್ದಾಗ ಕೀ ಕಿತ್ತುಕೊಂಡು ಇಳಿದೆ, ಗಾಡಿ ಮೆತ್ತಗೆ ಬೇವಿನ ಮರದ ಕಡೆ ಹೊರಟಿತು. ಹುಡುಗ ಓಡಿಬಂದು ಹ್ಯಾಂಡ್‌ಬ್ರೇಕ್ ಎಳೆದ. 'ಅಭ್ಯಾಸ ಮಾಡ್ಕೊಳ್ಳಿ ಸಾರ್, ಏನಾಗಲ್ಲ' ಅಂದರು ಭಾಯ್. ಇದೊಂದಕ್ಕೆ ನಾನು ಒಪ್ಪಲಿಲ್ಲ. ನಾನು ಅಭ್ಯಾಸ ಮಾಡಿಕೊಳ್ಳಬಹುದು, ನಮ್ಮ ಮನೆಯವರು ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ಇಳಿದರೆ? ಮತ್ತೆ ಗುಜರಿಗೆ ಹೋಗಿ ಆ ಗಾಡಿಯ ಲಾಕನ್ನೇ ತರಿಸಿ ಹಾಕಿಸಿದೆ. ನೀವು ಎಲ್ಲಿ ಮಾಡಿಸಿದರೂ ಇದನ್ನು ಬಿಡಬೇಡಿ.

ಗಾಡಿ ಕೈಗೆ ಬಂತು. ಗೆಳೆಯರ ಮೊದಲ ಮಾತು, 'ಏನಯ್ಯಾ, ಸಿವಿಕ್‌ನ ಆಕ್ಟಿವಾ ಮಾಡಿಸಿಬಿಟ್ಟೆಯಂತೆ?' ನಗುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ.

ಮೊದಲ ವಾರ ನನ್ನ ಎಡಗಾಲು ಕೇಳಲಿಲ್ಲ. ಕ್ಯಾತ್ಸಂದ್ರದ ಟೋಲ್ ಹತ್ತಿರ ವೇಗ ಕಡಿಮೆ ಮಾಡುವಾಗ ಹದಿನೈದು ವರ್ಷದ ಅಭ್ಯಾಸದಲ್ಲಿ ಎಡಗಾಲು ಕ್ಲಚ್ ಅಂತ ಬಲವಾಗಿ ಒತ್ತಿತು. ಅಲ್ಲಿ ಈಗ ಇರುವುದು ಅಗಲದ ಬ್ರೇಕು. ಗಾಡಿ ಗಕ್ ಅಂತ ನಿಂತಿತು, ಹಿಂದಿನ ಸೀಟಿನಲ್ಲಿದ್ದ ತಟ್ಟೆ ಇಡ್ಲಿ ಪಾರ್ಸೆಲ್ಲು ಚಟ್ನಿ ಸಮೇತ ಕೆಳಗೆ. ಹಿಂದೆ ಲಾರಿ ಇರಲಿಲ್ಲ, ಪುಣ್ಯ. ಆಮೇಲೆ ಒಂದು ತಿಂಗಳು ಎಡಗಾಲನ್ನು ಸೀಟಿನ ಕಡೆಗೆ ಮಡಚಿ ಇಟ್ಟುಕೊಂಡೇ ಓಡಿಸಿದೆ.

ಎರಡು ತೊಂದರೆ ಬಂದವು. ಒಂದು, ಮಳೆ ಬಂದಾಗ ಕಾಲಿನ ಹತ್ತಿರದ ಮ್ಯಾಟು ಒದ್ದೆ. ಕ್ಲಚ್ಚಿನ ಮಾಸ್ಟರ್ ಸಿಲಿಂಡರ್ ತೆಗೆದ ತೂತಿಗೆ ಟೇಪ್ ಅಂಟಿಸಿದ್ದರು. ಲಕ್ಷ ರೂಪಾಯಿ ಕೆಲಸಕ್ಕೆ ಟೇಪು! ಹೋಗಿ ಜಗಳ ಮಾಡಿದೆ, ತಗಡಿನ ಪ್ಲೇಟು ಕತ್ತರಿಸಿ ಸೀಲ್ ಹಾಕಿ ಕೂರಿಸಿದರು.

ಇನ್ನೊಂದು ಸ್ವಲ್ಪ ಭಯ ಬೀಳಿಸಿತು. ಭಾನುವಾರ ದೇವರಾಯನದುರ್ಗಕ್ಕೆ ಹೋಗಿದ್ದೆವು. ನಾಮದ ಚಿಲುಮೆ ದಾಟಿ ಏರು ತಿರುವುಗಳಲ್ಲಿ ಹೋಗುತ್ತಿದ್ದಾಗ ಮೀಟರಿನಲ್ಲಿ ಡಿ ಅಕ್ಷರ ಮಿಣುಕಲು ಶುರುವಾಯಿತು. ಹೋಂಡಾದಲ್ಲಿ ಡಿ ಮಿಣುಕಿದರೆ ಗೇರ್‌ಬಾಕ್ಸ್ ಏನೋ ದೂರು ಹೇಳುತ್ತಿದೆ ಅಂತ ಅರ್ಥ. ಗೇರು ಬದಲಾಗದೆ ಒಂದೇ ಕಡೆ ನಿಂತುಬಿಟ್ಟಿತು. ಹಾಗೇ ನಿಧಾನವಾಗಿ ಮೇಲೆ ಹೋಗಿ, ನರಸಿಂಹ ಸ್ವಾಮಿಗೆ ಕೈ ಮುಗಿದು, ಹಾಗೇ ಇಳಿದು ಬಂದೆವು. ಸೋಮವಾರ ಭಾಯ್ ಬಾನೆಟ್ ಎತ್ತಿ, ಬ್ಯಾಟರಿ ಟ್ರೇ ಪಕ್ಕಕ್ಕೆ ಕೈ ಹಾಕಿ ವೈರಿನ ಗೊಂಚಲು ಹೊರಗೆ ಎಳೆದರು. ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಒಂದು ವೈರಿನ ಸಿಪ್ಪೆ ಹೋಗಿ ತಾಮ್ರ ಹೊಳೆಯುತ್ತಿತ್ತು. 'ಇದು ನನ್ನ ತಪ್ಪು ಸಾರ್' ಅಂದರು. ಕಾರಣ ಹೇಳಲಿಲ್ಲ, ದುಡ್ಡು ಕೇಳಲಿಲ್ಲ. ಗೊಂಚಲನ್ನು ಪೂರ್ತಿ ಬಿಚ್ಚಿ ಬೇರೆ ದಾರಿಯಲ್ಲಿ ಹಾಕಿ ತೋಳು ಹೊದಿಸಿ ಕಳಿಸಿದರು. ಆಮೇಲೆ ಒಂಬತ್ತು ಸಾವಿರ ಕಿಲೋಮೀಟರ್ ಆಗಿದೆ, ಡಿ ಮತ್ತೆ ಮಿಣುಕಿಲ್ಲ.

ಓಡಿಸೋಕೆ ಹೇಗಿದೆ? ಜಾಮಿನಲ್ಲಿ ಸ್ವರ್ಗ. ಬ್ರೇಕ್ ಬಿಟ್ಟರೆ ತಾನೇ ತೆವಳುತ್ತದೆ, ಮಂಡಿ ಇಳಿದಿದೆ. ಇಳಿಜಾರು ಬಂದರೆ ಗಾಡಿಯೇ ಅರ್ಥ ಮಾಡಿಕೊಂಡು ಕೆಳಗಿನ ಗೇರು ಹಿಡಿದುಕೊಳ್ಳುತ್ತದೆ, ದುರ್ಗದಿಂದ ಇಳಿಯುವಾಗ ಇದು ತುಂಬಾ ಹಿತ. ಆದರೆ ಓವರ್‌ಟೇಕ್‌ಗೆ ಕಾಲು ಒತ್ತಿದರೆ 'ಹೂಂ, ಏನಂದ್ರಿ?' ಅನ್ನುವಷ್ಟು ಹೊತ್ತು ಯೋಚಿಸಿ ಆಮೇಲೆ ಗೇರು ಇಳಿಸುತ್ತದೆ. ಎಸ್ (ಸ್ಪೋರ್ಟ್) ಮೋಡಿಗೆ ಹಾಕಿ ಪ್ಯಾಡಲ್ ಒತ್ತಿದರೆ ಪರವಾಗಿಲ್ಲ, ಆದರೂ ಮೊದಲಿನ ಚುರುಕಿಲ್ಲ. ಮೈಲೇಜು ಹೈವೇ ಸೇರಿ ಮೊದಲು 13 ಬರುತ್ತಿತ್ತು, ಈಗ 11. ಜೋರಾಗಿ ಓಡಿಸೋ ಮಜಾ ಬೇಕು ಅನ್ನುವವರು ಇದನ್ನು ಮಾಡಿಸಬೇಡಿ, ಅಳುತ್ತೀರಿ.

ಕಾಗದಪತ್ರದ ಬಗ್ಗೆ ತುಂಬಾ ಜನ ಕೇಳಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿಯ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಅಂಗವೈಕಲ್ಯ ಇರುವವರಿಗೆ ಗಾಡಿ ಹೊಂದಿಸಿಕೊಳ್ಳಲು ಅದೇ ಕಾಯ್ದೆಯಲ್ಲಿ ದಾರಿ ಇದೆ. ನನ್ನದರಲ್ಲಿ ಎಂಜಿನ್ ನಂಬರು, ಚಾಸಿ ನಂಬರು ಯಾವುದೂ ಬದಲಾಗಿಲ್ಲ. ಆದರೂ ಡಾಕ್ಟರ್ ಚೀಟಿ ಜೊತೆಗಿಟ್ಟು ಆರ್‌ಟಿಓ ಆಫೀಸಿಗೂ ಇನ್ಶೂರೆನ್ಸ್ ಕಂಪನಿಗೂ ಕೆಲಸಕ್ಕೆ ಮೊದಲೇ ಪತ್ರ ಕೊಟ್ಟು ಸೀಲ್ ಹಾಕಿಸಿಕೊಂಡೆ. ಕ್ಲೇಮಿಗೆ ಹೋದಾಗ ತಕರಾರು ಬೇಡ ಅಂತ. ನೀವೂ ಮೊದಲು ಕೇಳಿಯೇ ಗಾಡಿ ಬಿಚ್ಚಿಸಿ.

ದುಡ್ಡಿನ ಲೆಕ್ಕ: ಸಾಮಾನು 72 ಸಾವಿರ, ಕೂಲಿ 40, ವೈರಿಂಗು ಕೀ ಲಾಕು ಎಲ್ಲ ಸೇರಿ 19, ಎಣ್ಣೆ, ಮೌಂಟು, ಸೀಲುಗಳಿಗೆ 16, ಸಾಗಾಣಿಕೆ 5. ಕೂಲಿ ಮಾತ್ರ ಮೊದಲು ಹೇಳಿದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಮಾಡಲಿಲ್ಲ, ಏರಿದ್ದೆಲ್ಲ ಮೊದಲ ಲೆಕ್ಕದಲ್ಲಿ ಬಿಟ್ಟುಹೋದ ಸಾಮಾನಿನದು. ಈ ದುಡ್ಡಿಗೆ ಇನ್ನಷ್ಟು ಸೇರಿಸಿದ್ದರೆ ಓಡುವ ಸ್ಥಿತಿಯ ಒಂದು ಹಳೇ ಆಟೋಮ್ಯಾಟಿಕ್ಕೇ ಬರುತ್ತಿತ್ತು ಅಂತ ನಮ್ಮ ಮನೆಯವರು ಇವತ್ತಿಗೂ ಹೇಳುತ್ತಾರೆ. ಅವರು ಹೇಳುವುದು ಸರಿ.

ಗ್ಯಾರೇಜಿಗೆ ಕೈಕೆಲಸಕ್ಕೆ ಐದಕ್ಕೆ ನಾಲ್ಕೂವರೆ, ವೈರಿಂಗಿಗೆ ಮೂರು, ಟೈಮಿಗೆ ಒಂದು. ಫೋನ್ ಎತ್ತುವುದಕ್ಕೆ ಸೊನ್ನೆ. ಹೋಗುವುದಾದರೆ ಬೆಳಿಗ್ಗೆ ಹತ್ತರ ಒಳಗೆ ಹೋಗಿ, ಆಮೇಲೆ ಭಾಯ್ ಪಿಟ್ಟಿನ ಒಳಗಿರುತ್ತಾರೆ, ಕಾಲು ಮಾತ್ರ ಕಾಣುತ್ತದೆ. ಏನೇನು ಬದಲಿಸಬೇಕು ಅನ್ನುವುದನ್ನು ಅವರ ನೋಟ್‌ಬುಕ್ಕಿನಲ್ಲೇ ಬರೆಸಿ, ಒಂದು ಫೋಟೋ ಹೊಡೆದುಕೊಳ್ಳಿ.

ಇದನ್ನು ಓದಿದವರು ಹಳೇ ಮ್ಯಾನುಯಲ್ ಗೇರ್‌ಬಾಕ್ಸು ಏನು ಮಾಡಿದಿರಿ, ಕೊಡುತ್ತೀರಾ ಅಂತ ಕೇಳುತ್ತೀರಿ ಅಂತ ಗೊತ್ತು. ಭಾಯ್ ಕೂಡ ಹನ್ನೆರಡು ಸಾವಿರಕ್ಕೆ ಕೇಳಿದರು. ಎಣ್ಣೆ ಒರೆಸಿ, ಗೋಣಿಚೀಲದಲ್ಲಿ ಸುತ್ತಿ, ಮನೆಯ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ, ಕ್ಲಚ್ ಪೆಡಲ್ ಸಮೇತ. ಕೊಡಲ್ಲ.